ಮುಟ್ಟಿನ ಹೊಟ್ಟೆನೋವು: ಗಡಿಯಾರ ನೋಡಿ ಗುಳಿಗೆ, ಹದ ನೋಡಿ ಕಾವು

‘ಗುಳಿಗಿ ನುಂಗಿದ್ರೂ ಹತ್ತಲಿಲ್ಲ’ ಅನ್ನುವವರಲ್ಲಿ ಬಹಳ ಮಂದಿಯ ಗುಳಿಗೆ ತಪ್ಪಿರುವುದಿಲ್ಲ, ಹೊತ್ತು ತಪ್ಪಿರುತ್ತದೆ. ಬೆಳಗಿನ ಆರಕ್ಕೇ ಟೊಂಕ ಹಿಡಿದಿರುತ್ತದೆ. ಇನ್ನೊಂದಿಷ್ಟು ತಡೆದು ನೋಡೋಣ ಎಂದು ನೀರು ತುಂಬಿ, ರೊಟ್ಟಿ ಬಡಿದು, ಬುತ್ತಿ ಕಟ್ಟಿ, ಹತ್ತೂವರೆಗೆ ಹೊಟ್ಟೆ ಅವುಚಿಕೊಂಡು ಮಲಗಿದ ಮೇಲೆ ಖಾಲಿ ಹೊಟ್ಟೆಗೆ ಒಂದು ಗುಳಿಗೆ ಹೋಗುತ್ತದೆ. ಅಷ್ಟರಲ್ಲಿ ನೋವು ನೆತ್ತಿಗೇರಿರುತ್ತದೆ, ಒಮ್ಮೊಮ್ಮೆ ಗುಳಿಗೆಯೇ ವಾಂತಿಯಾಗಿ ಹೊರಬರುತ್ತದೆ.

ಹೊತ್ತು ಯಾಕೆ ಮುಖ್ಯ ಎಂಬುದು ನೋವು ಹುಟ್ಟುವ ಬಗೆ ಗೊತ್ತಾದರೆ ತಿಳಿಯುತ್ತದೆ. ಮುಟ್ಟಿಗೆ ಮುಂಚೆ ಪ್ರೊಜೆಸ್ಟೆರಾನ್ ಹಾರ್ಮೋನು ಇಳಿದಾಗ ಗರ್ಭಕೋಶದ ಒಳಪದರ ಕಳಚಲು ಶುರುವಾಗುತ್ತದೆ. ಕಳಚುವಾಗ ಅದು ಪ್ರೊಸ್ಟಗ್ಲ್ಯಾಂಡಿನ್ ಎಂಬ ರಾಸಾಯನಿಕ ಬಿಡುತ್ತದೆ. ಅದರ ಕೆಲಸ ಗರ್ಭಕೋಶದ ಸ್ನಾಯುವನ್ನು ಹಿಂಡುವುದು. ಹಿಂಡಿದಷ್ಟು ಹೊತ್ತು ಆ ಸ್ನಾಯುವಿಗೆ ರಕ್ತ ಸರಿಯಾಗಿ ಹರಿಯುವುದಿಲ್ಲ. ಕಿಬ್ಬೊಟ್ಟೆ ನುಲಿಯುವುದು ಇದರಿಂದಲೇ. ಅದೇ ರಾಸಾಯನಿಕ ರಕ್ತಕ್ಕೂ ಕರುಳಿಗೂ ತಲುಪುವುದರಿಂದ ಕೆಲವರಿಗೆ ಭೇದಿ, ವಾಕರಿಕೆ, ತಲೆನೋವು, ತೊಡೆ ಸೆಳೆತವೂ ಜೊತೆಗೆ ಬರುತ್ತವೆ. ನೋವಿನ ಗುಳಿಗೆ ಹೊಸ ಪ್ರೊಸ್ಟಗ್ಲ್ಯಾಂಡಿನ್ ತಯಾರಾಗುವುದನ್ನು ತಡೆಯುತ್ತದೆಯೇ ಹೊರತು ಆಗಲೇ ತಯಾರಾದದ್ದನ್ನು ಹಿಂದಕ್ಕೆ ಎಳೆಯುವುದಿಲ್ಲ. ತುಂಗಭದ್ರಾ ಕಾಲುವೆಯ ಗೇಟು ಇಳಿಸಿದರೆ ಮುಂದೆ ಬರುವ ನೀರು ನಿಲ್ಲುತ್ತದೆ, ಗದ್ದೆಗೆ ನುಗ್ಗಿದ ನೀರು ಅಲ್ಲೇ ಇರುತ್ತದೆ. ಇದೂ ಹಾಗೇ.

ಇಲ್ಲಿ ಹೇಳುವುದೆಲ್ಲ ಹೆಚ್ಚು ಜನರಿಗೆ ಬರುವ ಸಾಮಾನ್ಯ ಮುಟ್ಟಿನ ನೋವಿಗೆ. ಹುಡುಗಿ ದೊಡ್ಡವಳಾದ ಆರು ತಿಂಗಳು, ವರ್ಷದ ನಂತರ ಇದು ಶುರುವಾಗುತ್ತದೆ. ರಕ್ತ ಕಾಣುವ ಕೆಲವು ತಾಸು ಮುಂಚೆಯೋ ಜೊತೆಗೋ ಬಂದು, ಮೊದಲ ದಿನ ಜೋರಾಗಿ, ಎರಡು ಮೂರು ದಿನದಲ್ಲಿ ಇಳಿದುಬಿಡುತ್ತದೆ. ಈ ಅಳತೆಗೆ ಸಿಗದ ನೋವಿನ ಮಾತು ಕೊನೆಯಲ್ಲಿದೆ. ನಿಮ್ಮದು ಅಂಥದ್ದು ಅನ್ನಿಸಿದರೆ ಮೊದಲು ಅದನ್ನೇ ಓದಿ.

ಗುಳಿಗೆ ಹೇಗೆ ತೆಗೆದುಕೊಳ್ಳಬೇಕು

ಮೊದಲು ತಾರೀಖು ಗುರುತು ಹಾಕಿ. ಗೋಡೆಗೆ ತೂಗುಹಾಕಿದ ಕ್ಯಾಲೆಂಡರ್ ಸಾಕು. ರಕ್ತ ಕಂಡ ಮೊದಲ ದಿನಕ್ಕೆ ಒಂದು ಚುಕ್ಕೆ, ನಿಂತ ದಿನಕ್ಕೆ ಇನ್ನೊಂದು. ಮೂರು ತಿಂಗಳು ಹೀಗೆ ಮಾಡಿದರೆ ನಿಮ್ಮದು 26 ದಿನದ ಲೆಕ್ಕವೋ 32 ದಿನದ್ದೋ ಗೊತ್ತಾಗುತ್ತದೆ. 21ರಿಂದ 35 ದಿನದೊಳಗೆ ಯಾವುದಾದರೂ ಸರಿಯೇ. ಹೊಸದಾಗಿ ಶುರುವಾದ ಹುಡುಗಿಯರಿಗೆ ಮೊದಲ ಎರಡು ಮೂರು ವರ್ಷ 45 ದಿನದವರೆಗೂ ಹೋಗಬಹುದು. ದಿನ ಹತ್ತಿರ ಬಂದಾಗ ಗುಳಿಗೆ ಕೈಗೆ ಸಿಗುವಲ್ಲಿ ಇರಲಿ.

ಟೊಂಕ ಹಿಡಿದ ಕೂಡಲೇ ಅಥವಾ ರಕ್ತದ ಗುರುತು ಕಂಡ ಕೂಡಲೇ ಮೊದಲ ಗುಳಿಗೆ. ಅದಕ್ಕೆ ಮುಂಚೆ ಏನಾದರೂ ತಿನ್ನಿ. ಅರ್ಧ ರೊಟ್ಟಿ, ಬಾಳೆಹಣ್ಣು, ಮೊಸರನ್ನ, ಏನಿಲ್ಲವೆಂದರೆ ಎರಡು ಬಿಸ್ಕೀಟು ಮತ್ತು ಒಂದು ಲೋಟ ಹಾಲು. ಮೇಲೆ ತುಂಬಿದ ಲೋಟ ನೀರು.

ಐಬುಪ್ರೊಫೇನ್ ಆದರೆ 400 ಮಿಲಿಗ್ರಾಂ ಒಂದು, ನಂತರ ಆರರಿಂದ ಎಂಟು ತಾಸಿಗೊಮ್ಮೆ. ಡಾಕ್ಟರು ಹೇಳದೆ ದಿನಕ್ಕೆ 1200 ಮಿಲಿಗ್ರಾಂ, ಅಂದರೆ ಮೂರು ಗುಳಿಗೆ ದಾಟಬಾರದು. ತೂಕ 40 ಕಿಲೋಕ್ಕಿಂತ ಕಡಿಮೆ ಇರುವ ಹುಡುಗಿಗೆ 200 ಮಿಲಿಗ್ರಾಂನಿಂದ ಶುರುಮಾಡಿ. ಮೆಫೆನಾಮಿಕ್ ಆ್ಯಸಿಡ್ ಆದರೆ ಮೊದಲು 500 ಮಿಲಿಗ್ರಾಂ, ಆಮೇಲೆ ಆರು ತಾಸಿಗೊಮ್ಮೆ 250. ಇದು 14 ವರ್ಷ ದಾಟಿದವರಿಗೆ. ಅಂಗಡಿಯಲ್ಲಿ 250ರದ್ದೂ 500ರದ್ದೂ ಎರಡೂ ಪಟ್ಟಿ ಸಿಗುತ್ತವೆ, ಹಿಂದಿನ ಬರಹ ಓದಿಯೇ ನುಂಗಿ. ಎರಡರಲ್ಲಿ ಒಂದು ಮಾತ್ರ. ಒಂದು ಹತ್ತಲಿಲ್ಲವೆಂದು ಎರಡು ತಾಸಿನೊಳಗೆ ಇನ್ನೊಂದು ನುಂಗಿದರೆ ನೋವು ಹೆಚ್ಚು ಇಳಿಯುವುದಿಲ್ಲ, ಹೊಟ್ಟೆ ಉರಿ ಮಾತ್ರ ಇಮ್ಮಡಿಯಾಗುತ್ತದೆ. ಕಾಂಬಿಫ್ಲಾಮ್‌ನಂಥ ಜೋಡಿ ಗುಳಿಗೆಗಳಲ್ಲಿ ಐಬುಪ್ರೊಫೇನ್ ಆಗಲೇ ಇರುತ್ತದೆ ಎಂಬುದೂ ನೆನಪಿರಲಿ.

ಮೊದಲ ಗುಳಿಗೆಗೆ ಕಡಿಮೆಯಾಯಿತೆಂದು ಬಿಟ್ಟುಬಿಡುವುದು ಎರಡನೇ ತಪ್ಪು. ಆರೇಳು ತಾಸಿಗೆ ಗುಳಿಗೆಯ ಬಲ ತೀರುತ್ತದೆ, ಒಳಗೆ ತಯಾರಿಕೆ ಮತ್ತೆ ಶುರುವಾಗುತ್ತದೆ, ರಾತ್ರಿ ನೋವು ಹೊಸದಾಗಿ ಏರುತ್ತದೆ. ಮೊದಲ ದಿನ ಜೋರು ನೋವಿರುವವರು ಆ ದಿನ ಗಡಿಯಾರ ನೋಡಿ ತೆಗೆದುಕೊಳ್ಳಬೇಕು, ಎರಡನೇ ದಿನ ಬೇಕಾದರೆ ಮಾತ್ರ. ಎರಡು ಮೂರು ದಿನದಾಚೆ ಹೋಗುವ ಅಗತ್ಯ ಸಾಮಾನ್ಯವಾಗಿ ಬೀಳುವುದಿಲ್ಲ.

ಯಾರು ಇವನ್ನು ನುಂಗಬಾರದು? ಹೊಟ್ಟೆಹುಣ್ಣು ಇದ್ದವರು, ಕಿಡ್ನಿ ತೊಂದರೆ ಇದ್ದವರು, ನೋವಿನ ಗುಳಿಗೆಯಿಂದ ದಮ್ಮು ಹೆಚ್ಚಾಗುವವರು, ರಕ್ತ ತೆಳುವಾಗಿಸುವ ಔಷಧ ತಿನ್ನುತ್ತಿರುವವರು, ಬಸಿರು ಇರಬಹುದೆಂಬ ಸಂಶಯ ಇರುವವರು. ಮಳೆಗಾಲದಲ್ಲಿ ಮುಟ್ಟಿನ ಜೊತೆಗೆ ಜೋರು ಜ್ವರ, ಮೈಕೈನೋವೂ ಇದ್ದರೆ ಡೆಂಗಿ ಅಲ್ಲವೆಂದು ಖಾತ್ರಿಯಾಗುವವರೆಗೂ ಬೇಡ, ಪ್ಲೇಟ್‌ಲೆಟ್ ಇಳಿದಾಗ ಇವು ರಕ್ತಸ್ರಾವ ಹೆಚ್ಚಿಸುತ್ತವೆ. ಇಂಥವರಿಗೆ ಪ್ಯಾರಾಸಿಟಮಾಲ್ 500 ಅಥವಾ 650 ಮಿಲಿಗ್ರಾಂ, ಆರು ತಾಸಿಗೊಮ್ಮೆ, ದಿನಕ್ಕೆ ನಾಲ್ಕು ಮೀರದಂತೆ. ಅದರ ಬಲ ಕಡಿಮೆ, ಆದರೆ ಕಾವಿನ ಜೊತೆ ಸೇರಿದರೆ ತಕ್ಕಮಟ್ಟಿಗೆ ನಡೆಯುತ್ತದೆ.

ಮೆಫ್ಟಾಲ್ ಸ್ಪಾಸ್ ಎಂದು ಹೆಸರು ಹಿಡಿದೇ ಕೇಳುವವರು ನಮ್ಮ ಕಡೆ ಬಹಳ. ಅದರಲ್ಲಿ ಮೆಫೆನಾಮಿಕ್ ಆ್ಯಸಿಡ್ ಜೊತೆ ಡೈಸೈಕ್ಲೊಮಿನ್ ಎಂಬ ಸೆಳೆತ ಸಡಿಲಿಸುವ ಮದ್ದೂ ಇರುತ್ತದೆ. ಈ ಎರಡನೆಯದರ ಬಗ್ಗೆ ಬಳ್ಳಾರಿ, ರಾಯಚೂರು, ಕೊಪ್ಪಳದ ಹೆಣ್ಣುಮಕ್ಕಳು ತಿಳಿದಿರಲೇಬೇಕು: ಅದು ಬೆವರು ಬರುವುದನ್ನು ಕಡಿಮೆ ಮಾಡುತ್ತದೆ. ಬಾಯಿ ಒಣಗುತ್ತದೆ, ಕಣ್ಣು ಮಂಜಾಗುತ್ತದೆ, ತೂಕಡಿಕೆ ಬರುತ್ತದೆ. ಏಪ್ರಿಲ್–ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುವ ನಾಡಿದು. ಬೆವರದ ಮೈಯಲ್ಲಿ ಹೊಲದಲ್ಲಿ ನಿಂತರೆ ಒಳಗಿನ ಕಾವು ಹೊರಹೋಗದೆ ಉಷ್ಣಾಘಾತ ಆಗಬಹುದು. ಬಿಸಿಲಿನ ಕೆಲಸವಿರುವ ದಿನ ಡೈಸೈಕ್ಲೊಮಿನ್ ಇಲ್ಲದ, ಬರೀ ಐಬುಪ್ರೊಫೇನ್ ಅಥವಾ ಬರೀ ಮೆಫೆನಾಮಿಕ್ ಕೇಳಿ ತೆಗೆದುಕೊಳ್ಳಿ. ಅದರ ಜೊತೆಗೂ ನೀರು ಬೇಕೇ ಬೇಕು. ನೀರು ಕಡಿಮೆಯಾದ ಮೈಯಲ್ಲಿ ಈ ಗುಳಿಗೆಗಳು ಕಿಡ್ನಿಗೆ ಹೊರೆ. ಭೇದಿ, ವಾಂತಿಯೂ ಇದ್ದರೆ ಮೊದಲು ಓಆರ್‌ಎಸ್: ದೊಡ್ಡ ಪೊಟ್ಟಣ ಪೂರ್ತಿ ಒಂದು ಲೀಟರ್ ನೀರಿಗೆ, ಗುಟುಕು ಗುಟುಕಾಗಿ.

ಮೆಫೆನಾಮಿಕ್ ಆ್ಯಸಿಡ್ ಬಗ್ಗೆ 2023ರಲ್ಲಿ ಔಷಧಗಳ ಗುಣಮಟ್ಟ, ಅಡ್ಡಪರಿಣಾಮ ನೋಡುವ ಭಾರತೀಯ ಫಾರ್ಮಕೋಪಿಯಾ ಆಯೋಗ ಒಂದು ಎಚ್ಚರಿಕೆ ಕೊಟ್ಟಿತು. ಅಪರೂಪಕ್ಕೆ ಕೆಲವರಿಗೆ ಇದು ಡ್ರೆಸ್ ಎಂಬ ತೀವ್ರ ಅಲರ್ಜಿ ತರಬಹುದು. ಮೈ ತುಂಬ ಗಂಧೆ, ಜ್ವರ, ಮುಖ ಊದುವುದು, ಕುತ್ತಿಗೆಯಲ್ಲಿ ಗಡ್ಡೆ ಅದರ ಲಕ್ಷಣ. ನುಂಗಿದ ದಿನವೇ ಅಲ್ಲ, ಎರಡರಿಂದ ಎಂಟು ವಾರದ ನಂತರವೂ ಕಾಣಿಸಿಕೊಳ್ಳಬಹುದು, ಹಾಗಾಗಿ ಗುಳಿಗೆಗೂ ಗಂಧೆಗೂ ನಂಟು ಹಚ್ಚದೆ ಬಿಡುವವರೇ ಹೆಚ್ಚು. ಹೀಗಾದರೆ ಗುಳಿಗೆ ನಿಲ್ಲಿಸಿ, ಪಟ್ಟಿಯನ್ನು ಕೈಯಲ್ಲಿ ಹಿಡಿದೇ ಆಸ್ಪತ್ರೆಗೆ ಹೋಗಿ. ಎಲ್ಲರೂ ಹೆದರಿ ಬಿಡಬೇಕಾದ ಮದ್ದಲ್ಲ ಇದು. ಆದರೆ ಮನೆಯಲ್ಲಿ ಒಬ್ಬಳಿಗೆ ಹಿಡಿಸಿದ್ದು ಇನ್ನೊಬ್ಬಳಿಗೂ ಹಿಡಿಸುತ್ತದೆ ಎಂಬ ಲೆಕ್ಕ ಬೇಡ.

ಇನ್ನು ಸೂಜಿ. ‘ಗುಳಿಗಿ ಬ್ಯಾಡ, ಒಂದು ಸೂಜಿ ಮಾಡ್ರಿ’ ಎಂದು ಕೇಳುವ ರೂಢಿ ಹಳ್ಳಿಗಳಲ್ಲಿದೆ. ಆ ಸೂಜಿಯಲ್ಲಿರುವುದೂ ಬಹುತೇಕ ಇದೇ ಜಾತಿಯ ಮದ್ದು. ಏನು ಕುಡಿದರೂ ವಾಂತಿಯಾಗುತ್ತಿದ್ದರೆ ಸೂಜಿಗೆ ಅರ್ಥವಿದೆ. ಇಲ್ಲವಾದರೆ ಪ್ರತಿ ತಿಂಗಳು ಪಿರ್ರಿಗೆ ಚುಚ್ಚಿಸಿಕೊಂಡು, ಅಲ್ಲಿ ಕೀವಾಗುವ ಅಪಾಯ ಮೈಮೇಲೆ ಎಳೆದುಕೊಳ್ಳಬೇಕಿಲ್ಲ.

ಗುಳಿಗೆ ನುಂಗಿದರೆ ಮುಂದೆ ಮಕ್ಕಳಾಗುವುದಿಲ್ಲ ಎಂಬ ಭಯ ತಾಯಂದಿರಲ್ಲಿ ಗಟ್ಟಿಯಾಗಿ ಕೂತಿದೆ. ಮುಟ್ಟಿನ ಎರಡು ಮೂರು ದಿನ ತೆಗೆದುಕೊಂಡ ಗುಳಿಗೆ ಬಸಿರಾಗುವ ಶಕ್ತಿಯನ್ನು ಕೆಡಿಸುವುದಿಲ್ಲ, ಮೈಯಿಂದ ಒಂದೆರಡು ದಿನದಲ್ಲೇ ಹೊರಹೋಗುತ್ತದೆ, ಚಟವೂ ಹತ್ತುವುದಿಲ್ಲ. ಪರೀಕ್ಷೆಯ ದಿನ ಹೊಟ್ಟೆ ಹಿಡಿದು ಕೂತ ಮಗಳಿಗೆ ‘ನಮಗೂ ಆಗಿತ್ತವ್ವ, ತಡಕೋಬೇಕು’ ಎನ್ನುವುದಕ್ಕಿಂತ ಎರಡು ತುತ್ತು ತಿನ್ನಿಸಿ ಗುಳಿಗೆ ಕೊಡುವುದು ಲೇಸು. ಜನೌಷಧಿ ಕೇಂದ್ರಗಳಲ್ಲಿ ಇವೇ ಗುಳಿಗೆಗಳು ಕಂಪನಿ ಹೆಸರಿಲ್ಲದೆ ಕಡಿಮೆ ದರಕ್ಕೆ ಸಿಗುತ್ತವೆ.

ಕಾವು

ಕಾವು ಕೊಡುವುದು ಅಜ್ಜಿಯ ಕಾಲದ ಸಮಾಧಾನ ಮಾತ್ರ ಎಂದು ತಳ್ಳಬೇಡಿ. ಹೊಟ್ಟೆಗೆ ಹದವಾದ ಕಾವನ್ನು ತಾಸುಗಟ್ಟಲೆ ಕೊಟ್ಟು ನೋಡಿದ ಪರೀಕ್ಷೆಗಳಲ್ಲಿ ಅದು ಐಬುಪ್ರೊಫೇನಿಗೆ ಸರಿಸಮನಾಗಿ ನಿಂತಿದೆ. ಬಿಗಿದ ಸ್ನಾಯು ಸಡಿಲಾಗಿ ರಕ್ತ ಹರಿಯುತ್ತದೆ. ಬೇಕಾದ ಕಾವು 40 ಡಿಗ್ರಿ ಆಸುಪಾಸು, ಅಂದರೆ ಮೈಗೆ ಹಿತವಾದ ಬಿಸಿ. ಚುರ್ ಎನ್ನುವಷ್ಟು ಬಿಸಿಯಾದರೆ ಹೆಚ್ಚು ಗುಣ ಎಂಬುದು ತಪ್ಪು. ಚರ್ಮ ಸುಡುತ್ತದೆ, ಒಳಗಿನ ಸ್ನಾಯುವಿಗೆ ಅದರಿಂದ ಹೆಚ್ಚೇನೂ ಸಿಗುವುದಿಲ್ಲ.

ಬಿಸಿನೀರಿನ ರಬ್ಬರ್ ಚೀಲಕ್ಕೆ ಕೊತಕೊತ ಕುದಿಯುವ ನೀರು ಹಾಕಬಾರದು. ಮೂರು ಪಾಲು ಕುದಿಸಿದ ನೀರಿಗೆ ಒಂದು ಪಾಲು ತಣ್ಣೀರು ಬೆರೆಸಿ, ಚೀಲದ ಮೂರರಲ್ಲಿ ಎರಡು ಭಾಗ ತುಂಬಿ. ಮೇಲಿನ ಗಾಳಿಯನ್ನು ಒತ್ತಿ ಹೊರಹಾಕಿ ಮುಚ್ಚಳ ಬಿಗಿಯಿರಿ. ಗಾಳಿ ಉಳಿದರೆ ಚೀಲ ಉಬ್ಬಿ ಹೊಟ್ಟೆಯ ಮೇಲೆ ನಿಲ್ಲದೆ ಜಾರುತ್ತದೆ. ತಲೆಕೆಳಗು ಹಿಡಿದು ಸೋರುತ್ತದೋ ನೋಡಿ. ರಬ್ಬರ್ ಬಿರುಕು ಬಿಟ್ಟಿದ್ದರೆ ಎಸೆಯಿರಿ, ಹಳೆಯ ಚೀಲ ಒಡೆದು ಸುಟ್ಟುಕೊಳ್ಳುವವರಿದ್ದಾರೆ. ಟವೆಲ್ ಸುತ್ತಿ ಹೊಕ್ಕುಳ ಕೆಳಗೆ 15ರಿಂದ 20 ನಿಮಿಷ, ಆಮೇಲೆ ಅಷ್ಟೇ ಹೊತ್ತು ಟೊಂಕಕ್ಕೆ. ಚರ್ಮಕ್ಕೆ ಸ್ವಲ್ಪ ಬಿಡುವು ಕೊಟ್ಟು ಮತ್ತೆ ಮಾಡಬಹುದು. ಚೀಲ ಇಟ್ಟುಕೊಂಡೇ ನಿದ್ದೆ ಹೋಗಬೇಡಿ.

ಚೀಲ ಇಲ್ಲದ ಮನೆಯಲ್ಲಿ ಜೋಳ ಇದ್ದೇ ಇರುತ್ತದೆ. ಅರ್ಧ ಕಿಲೋ ಜೋಳವನ್ನು ಹಂಚಿನ ಮೇಲೆ ಸಣ್ಣ ಉರಿಯಲ್ಲಿ ನಾಲ್ಕೈದು ನಿಮಿಷ ಕೈಯಾಡಿಸುತ್ತ ಬಿಸಿಮಾಡಿ, ಹಳೇ ಹತ್ತಿ ಬಟ್ಟೆಯಲ್ಲಿ ಸಡಿಲವಾಗಿ ಗಂಟು ಕಟ್ಟಿ. ಬಿಗಿಯಾಗಿ ಕಟ್ಟಿದರೆ ಕಲ್ಲಿನಂತಾಗಿ ಹೊಟ್ಟೆಗೆ ಒತ್ತುತ್ತದೆ, ಸಡಿಲಿದ್ದರೆ ಮೈಯ ತಿರುವಿಗೆ ಕೂಡುತ್ತದೆ. ಕಾಳು ಸಿಡಿದು ಅರಳಾಗುತ್ತಿದ್ದರೆ ಬಿಸಿ ಮಿತಿ ಮೀರಿದೆ ಎಂದರ್ಥ, ಇಳಿಸಿ ಆರಲು ಬಿಡಿ. ಮೊಣಕೈಯ ಒಳಮಗ್ಗುಲಿಗೆ ತಾಗಿಸಿ ನೋಡಿಯೇ ಹೊಟ್ಟೆಗೆ ಇಡಿ. ಅದೇ ಗಂಟನ್ನು ಹತ್ತಾರು ಸಲ ಬಳಸಬಹುದು, ಮುಗ್ಗಲು ವಾಸನೆ ಬಂದರೆ ಕಾಳು ಬದಲಿಸಿ. ಹರಳುಪ್ಪಿನ ಗಂಟೂ ಆಗುತ್ತದೆ, ಆದರೆ ಉಪ್ಪು ಬಹಳ ಜೋರಾಗಿ ಕಾಯುತ್ತದೆ, ಎರಡು ಪದರ ಬಟ್ಟೆ ಬೇಕು.

ಕರೆಂಟಿನ ಜೆಲ್ ಚೀಲವನ್ನು ಕಾಯಿಸಿ, ತಂತಿ ತೆಗೆದ ಮೇಲೆಯೇ ಮೈಗೆ ತಾಗಿಸಿ. ಝಂಡು ಬಾಮ್, ಅಮೃತಾಂಜನ ಹಚ್ಚಿದ ಚರ್ಮದ ಮೇಲೆ ಕಾವು ಕೊಡಬೇಡಿ, ಬೊಬ್ಬೆ ಏಳುತ್ತದೆ. ತಿಂಗಳಾನುಗಟ್ಟಲೆ ಒಂದೇ ಜಾಗಕ್ಕೆ ಜೋರು ಕಾವು ಕೊಟ್ಟರೆ ಹೊಟ್ಟೆಯ ಮೇಲೆ ಬಲೆಯಂಥ ಕಂದು ಕಲೆ ಮೂಡುತ್ತದೆ. ಅದು ಕಂಡರೆ ಬಿಸಿ ಕಡಿಮೆ ಮಾಡಿ, ನಡುವೆ ಬಟ್ಟೆ ದಪ್ಪ ಇಡಿ.

ಬೇಸಿಗೆಯಲ್ಲಿ ಮನೆಯೇ ಒಲೆಯಾಗಿರುವಾಗ ಕಾವು ಎಲ್ಲಿಂದ ಸಹಿಸುವುದು ಎಂಬ ಪ್ರಶ್ನೆ ನ್ಯಾಯವಾದದ್ದೇ. ನಸುಕಿನಲ್ಲಿ ಮತ್ತು ರಾತ್ರಿ ಕೊಡಿ, ಫ್ಯಾನು ಓಡಲಿ, ಮುಖಕ್ಕೆ ಕಾಲಿಗೆ ಒದ್ದೆ ಬಟ್ಟೆ ಒರೆಸಿಕೊಳ್ಳಿ, ಬಿಸಿ ಹೊಟ್ಟೆಗಷ್ಟೇ ಇರಲಿ. ನಡು ಹಗಲಿಗೆ ಗುಳಿಗೆಯನ್ನೇ ನಂಬಿ. ತಲೆಸ್ನಾನ ಮಾಡಿದರೆ ನೋವು ಹೆಚ್ಚುತ್ತದೆ ಎಂಬುದು ಸುಳ್ಳು, ಉಗುರುಬೆಚ್ಚಗಿನ ನೀರು ಟೊಂಕದ ಮೇಲೆ ಹೊಯ್ದುಕೊಳ್ಳುವುದೂ ಕಾವೇ.

ಹೊಲದಲ್ಲಿ, ಮಶಿನ್ ಮುಂದೆ

ಸಿಂಧನೂರು, ಗಂಗಾವತಿ, ಸಿರುಗುಪ್ಪದ ಗದ್ದೆಗಳಲ್ಲಿ ನಾಟಿಯ ಹೊತ್ತಿಗೆ ಮುಟ್ಟಾದರೆ ದಿನವಿಡೀ ಬಗ್ಗಿಯೇ ಇರಬೇಕು. ಗುಳಿಗೆಯ ಹೊತ್ತನ್ನು ಕೆಲಸಕ್ಕೆ ಹೊಂದಿಸಿ: ಹೊರಡುವ ಮುಂಚೆ ರೊಟ್ಟಿ ತಿಂದು ಒಂದು, ಮಧ್ಯಾಹ್ನ ಬುತ್ತಿ ಉಂಡು ಇನ್ನೊಂದು. ಬರೀ ಚಹಾ ಕುಡಿದು ಗುಳಿಗೆ ನುಂಗಿ ಗಾಡಿ ಹತ್ತಿದರೆ ಹತ್ತು ಗಂಟೆಗೆ ಎದೆಯುರಿ ಖಂಡಿತ. ಅರ್ಧ ತಾಸಿಗೊಮ್ಮೆ ನೆಟ್ಟಗೆ ನಿಂತು, ಎರಡೂ ಅಂಗೈ ಟೊಂಕಕ್ಕೆ ಕೊಟ್ಟು ಐದು ಸಲ ಹಿಂದಕ್ಕೆ ಬಾಗಿ. ಸೀರೆಯ ನಿರಿ, ಲಂಗದ ಲಾಡಿ ಹೊಕ್ಕುಳ ಕೆಳಗೆ ಬಿಗಿದು ಕೂತಿದ್ದರೆ ಒಂದು ಬೆರಳು ಮೇಲೆ ಕಟ್ಟಿ. ಹತ್ತಿ ಬಿಡಿಸುವವರು ಸೊಂಟಕ್ಕೆ ಕಟ್ಟುವ ಚೀಲವನ್ನು ಆ ಎರಡು ದಿನ ಹೆಗಲಿಗೆ ಹಾಕಿಕೊಂಡರೆ ಭಾರ ಕಿಬ್ಬೊಟ್ಟೆಯ ಮೇಲೆ ಬೀಳುವುದಿಲ್ಲ.

ಬಳ್ಳಾರಿಯ ಜೀನ್ಸ್ ಹೊಲಿಗೆಯವರದ್ದು ಬೇರೆ ಕಷ್ಟ. ಮುಂದಕ್ಕೆ ಬಾಗಿ ಕೂತು ಕೂತು ಟೊಂಕ ಕಲ್ಲಾಗುತ್ತದೆ. ತಾಸಿಗೊಮ್ಮೆ ಎದ್ದು ಎರಡು ನಿಮಿಷ ನಡೆಯಿರಿ, ಬೆನ್ನಿನ ಕೆಳಭಾಗಕ್ಕೆ ಮಡಚಿದ ಬಟ್ಟೆ ಆನಿಸಿ. ಪಾಯಿಖಾನೆಯ ತೊಂದರೆಯಿಂದ ನೀರು ಕುಡಿಯದೆ ಇರುವುದು, ಉಚ್ಚೆ ಹಿಡಿದುಕೊಳ್ಳುವುದು ಎರಡೂ ನೋವನ್ನು ಹೆಚ್ಚಿಸುತ್ತವೆ. ತುಂಬಿದ ಮೂತ್ರಕೋಶ ಗರ್ಭಕೋಶಕ್ಕೆ ಒತ್ತಿಕೊಂಡೇ ಇರುತ್ತದೆ. 2025ರ ಅಕ್ಟೋಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ತಿಂಗಳಿಗೆ ಒಂದರಂತೆ ವರ್ಷಕ್ಕೆ 12 ದಿನ ಸಂಬಳ ಸಹಿತ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಿದೆ, ನಿಮ್ಮ ಕಾರ್ಖಾನೆ, ಕಚೇರಿಯಲ್ಲಿ ಕೇಳಿ. ದಿನಗೂಲಿಯ ಹೊಲದ ಕೆಲಸಕ್ಕೆ ಇದು ದಕ್ಕುವುದಿಲ್ಲ ಎಂಬುದು ದೊಡ್ಡ ಕೊರತೆ.

ಅಡುಗೆಮನೆಯಲ್ಲಿ ಏನಿದೆ

ಶುಂಠಿಗೆ ಒಳ್ಳೆಯ ಆಧಾರವಿದೆ. ಒಣಶುಂಠಿ ಪುಡಿ ದಿನಕ್ಕೆ ಮುಕ್ಕಾಲರಿಂದ ಎರಡು ಗ್ರಾಂ, ಮೊದಲ ಮೂರು ದಿನ. ಅಳತೆಗೆ ಕಾಲು ಟೀ ಚಮಚ ಸುಮಾರು ಅರ್ಧ ಗ್ರಾಂ, ಊಟದ ನಂತರ ದಿನಕ್ಕೆ ಮೂರು ಸಲ, ಬಿಸಿನೀರಿಗೋ ಬೆಲ್ಲಕ್ಕೋ ಕಲಸಿ. ಹಸಿಶುಂಠಿ ಆದರೆ ಒಂದಿಂಚು ಜಜ್ಜಿ, ಒಂದೂವರೆ ಲೋಟ ನೀರಿಗೆ ಹಾಕಿ ಒಂದು ಲೋಟಕ್ಕೆ ಇಳಿಸಿ ಬೆಲ್ಲ ಹಾಕಿ. ಹೊಟ್ಟೆ ಉರಿಯುವವರು ಬಿಡಿ. ಓಂಕಾಳು, ಜೀರಿಗೆ ನೀರು ಗ್ಯಾಸಿಗೆ, ಉಬ್ಬರಕ್ಕೆ ಚೆನ್ನ. ನುಲಿಯನ್ನು ಅವು ತಡೆಯುತ್ತವೆಂದು ನಂಬಿ ಗುಳಿಗೆ ತಡ ಮಾಡಬೇಡಿ.

ನೋವಿಗಿಂತ ಸುಸ್ತು ಹೆಚ್ಚು, ಮೆಟ್ಟಿಲು ಹತ್ತಿದರೆ ಏದುಸಿರು, ಉಗುರು ಬಿಳಿಚಿಕೊಂಡಿದೆ ಎಂದರೆ ರಕ್ತಹೀನತೆ ನೋಡಿಸಿ. ಹಿಮೋಗ್ಲೋಬಿನ್ 12ಕ್ಕಿಂತ ಕೆಳಗಿದ್ದರೆ ರಕ್ತಹೀನತೆ, 8ಕ್ಕಿಂತ ಕೆಳಗೆ ಹೋದರೆ ತೀವ್ರ. ಸಜ್ಜೆಯಲ್ಲಿ ಕಬ್ಬಿಣ ಜೋಳಕ್ಕಿಂತ ಹೆಚ್ಚು. ಸಜ್ಜಿ ರೊಟ್ಟಿಗೆ ಪುಂಡಿಪಲ್ಯ ಹಚ್ಚಿಕೊಂಡು ಉಣ್ಣುವ ನಮ್ಮ ರೂಢಿ ಬಲು ಒಳ್ಳೆಯದು, ಆ ಹುಳಿ ಕಾಳಿನ ಕಬ್ಬಿಣವನ್ನು ಮೈಗೆ ಹೀರಿಸುತ್ತದೆ. ಊಟದ ಬೆನ್ನಿಗೇ ಕುಡಿಯುವ ಚಹಾ ಅದನ್ನು ತಡೆಯುತ್ತದೆ, ತಾಸು ಬಿಟ್ಟು ಕುಡಿಯಿರಿ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಗುಳಿಗೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ ಇರುತ್ತದೆ. ಮಲ ಕಪ್ಪಾಯಿತೆಂದು ಹೆದರಿ ಎಸೆಯುವ ಹುಡುಗಿಯರಿದ್ದಾರೆ, ಅದು ಕಬ್ಬಿಣದ ಬಣ್ಣ ಅಷ್ಟೇ.

ಮಜ್ಜಿಗೆ, ಮೊಸರು ತಿಂದರೆ ರಕ್ತ ಗಟ್ಟಿಯಾಗುತ್ತದೆ ಎಂಬುದು ನಿಜವಲ್ಲ. ವಗ್ಗರಣಿ ಮಿರ್ಚಿಯಿಂದ ಮುಟ್ಟಿನ ನೋವು ಬರುವುದಿಲ್ಲ, ಆದರೆ ಗುಳಿಗೆ ತಿನ್ನುವ ದಿನ ಖಾರ, ಎಣ್ಣೆ ಸೇರಿದರೆ ಎದೆಯುರಿ ಕಾಯ್ದಿರುತ್ತದೆ. ಮುಟ್ಟಿಗೆ ವಾರ ಮುಂಚೆ ಹೊಟ್ಟೆ, ಮೊಲೆ ಬಿಗಿದು ಊದಿಕೊಳ್ಳುವವರು ಆ ದಿನಗಳಲ್ಲಿ ಹಪ್ಪಳ, ಉಪ್ಪಿನಕಾಯಿ ಕಡಿಮೆ ಮಾಡಿ ನೋಡಿ.

ಮೈ ಸಡಿಲಿಸುವುದು

ವಜ್ರಾಸನದಲ್ಲಿ ಕೂತು ಮೊಣಕಾಲು ಅಗಲಿಸಿ, ಮುಂದಕ್ಕೆ ಬಾಗಿ ಹಣೆಯನ್ನು ನೆಲಕ್ಕೋ ದಿಂಬಿಗೋ ಆನಿಸಿ. ಕೈ ಮುಂದಕ್ಕೆ ಚಾಚಿ ಎರಡು ನಿಮಿಷ ನಿಧಾನ ಉಸಿರಾಡಿ. ಆಮೇಲೆ ಕೈಕಾಲೂರಿ ಬೆಕ್ಕಿನಂತೆ ಬೆನ್ನು ಮೇಲಕ್ಕೆ ಉಬ್ಬಿಸಿ ಕೆಳಕ್ಕೆ ಇಳಿಸುವುದು, ಹತ್ತು ಸಲ. ಮಲಗುವಾಗ ಎಡ ಮಗ್ಗುಲಿಗೆ ತಿರುಗಿ, ಮೊಣಕಾಲು ಮಡಚಿ, ನಡುವೆ ದಿಂಬು. ಬೆಚ್ಚಗಿನ ಕುಸುಬಿ ಎಣ್ಣೆ ಹಚ್ಚಿ ಕಿಬ್ಬೊಟ್ಟೆಯ ಮೇಲೆ ಅಂಗೈಯಿಂದ ಗಡಿಯಾರದ ದಿಕ್ಕಿಗೆ ಐದು ನಿಮಿಷ ಹಗುರಾಗಿ ಆಡಿಸಿದರೆ ಹಿತವಾಗುತ್ತದೆ. ಹೊಟ್ಟೆ ಒತ್ತಿ ತಿಕ್ಕುವುದು, ಮೇಲೆ ಕಾಲಿಟ್ಟು ತುಳಿಸಿಕೊಳ್ಳುವುದು ಬೇಡವೇ ಬೇಡ.

ಆ ದಿನದ ಆಸನಕ್ಕಿಂತ ತಿಂಗಳಿಡೀ ಮಾಡುವ ನಡಿಗೆ ಹೆಚ್ಚು ಫಲ ಕೊಡುತ್ತದೆ. ವಾರಕ್ಕೆ ಮೂರು ಸಲ, ಸಲಕ್ಕೆ 45ರಿಂದ 60 ನಿಮಿಷ ಬಿರುಸಾಗಿ ನಡೆಯುವುದೋ ಯೋಗವೋ. ಎರಡು ಮೂರು ಮುಟ್ಟು ಕಳೆದ ಮೇಲೆ ವ್ಯತ್ಯಾಸ ಗೊತ್ತಾಗುತ್ತದೆ, ಮೊದಲ ತಿಂಗಳಿಗೇ ಬಿಡಬೇಡಿ.

ತೊಡೆ ಕೆರೆತ, ಪ್ಯಾಡು, ಬಟ್ಟೆ

ಬಿಸಿಲಿಗೆ ತೊಡೆ ಸಂದು ಕಿತ್ತುಬರುವುದು ಬಹಳ ಮಂದಿಗೆ ಹೊಟ್ಟೆನೋವಿಗಿಂತ ದೊಡ್ಡ ಕಾಟ. ಪ್ಯಾಡೋ ಬಟ್ಟೆಯೋ ನಾಲ್ಕರಿಂದ ಆರು ತಾಸಿಗೆ ಬದಲಿಸಿ, ತುಂಬಿರದಿದ್ದರೂ ಸರಿ. ಹೊರಡುವ ಮುಂಚೆ ಸಂದಿಗೆ ತೆಳುವಾಗಿ ಕೊಬ್ಬರಿ ಎಣ್ಣೆ. ಬಟ್ಟೆ ಬಳಸುವವರು ಸಾಬೂನು ಹಾಕಿ ತೊಳೆದು ನೇರ ಬಿಸಿಲಿಗೇ ಹರವಿ. ಯಾರಾದರೂ ನೋಡುತ್ತಾರೆಂದು ಬಚ್ಚಲ ಮೂಲೆಯಲ್ಲಿ, ಬೇರೆ ಅರಿವೆಯ ಅಡಿ ಒಣಗಿಸಿದ್ದು ಹಸಿಯೇ ಉಳಿದು ಬೂಸಲು ಹಿಡಿಯುತ್ತದೆ. ಜನೌಷಧಿ ಕೇಂದ್ರದ ಸುವಿಧಾ ಪ್ಯಾಡು 2019ರಿಂದ ಒಂದಕ್ಕೆ ಒಂದು ರೂಪಾಯಿ.

ಮನೆಮದ್ದಿಗೆ ಬಗ್ಗದ ನೋವು

ಸರಿಯಾದ ಹೊತ್ತಿಗೆ, ಸರಿಯಾದ ಪ್ರಮಾಣದಲ್ಲಿ ಮೂರು ತಿಂಗಳು ಗುಳಿಗೆ ತೆಗೆದುಕೊಂಡೂ ಕೆಲಸ, ಶಾಲೆ ತಪ್ಪುತ್ತಿದ್ದರೆ ಅದು ಸಾಮಾನ್ಯ ನೋವಲ್ಲ ಎಂದು ಹಿಡಿಯಿರಿ. ರಕ್ತ ಕಾಣುವ ನಾಲ್ಕೈದು ದಿನ ಮುಂಚೆಯೇ ಶುರುವಾಗಿ ನಿಂತ ಮೇಲೂ ಇರುವ ನೋವು, ವರ್ಷದಿಂದ ವರ್ಷಕ್ಕೆ ಏರುವ ನೋವು, ಮುಟ್ಟಿನಲ್ಲಿ ಮಲವಿಸರ್ಜನೆಗೆ ಕೂತಾಗ ಇರಿಯುವುದು, ಗಂಡನ ಜೊತೆ ಕೂಡುವಾಗ ಒಳಗೆ ಆಳದಲ್ಲಿ ನೋವು: ಇವು ಎಂಡೊಮೆಟ್ರಿಯೋಸಿಸ್ ಗುರುತುಗಳಾಗಿರಬಹುದು. ಗರ್ಭಕೋಶದ ಒಳಪದರದಂಥ ಪದರವೇ ಹೊರಗೆ ಬೆಳೆಯುವ ಕಾಯಿಲೆ ಅದು. ‘ಮದುವಿ ಆದ್ರ, ಒಂದು ಹಡದ್ರ ಹೋಗ್ತದ’ ಎಂದು ಕಾಯುತ್ತ ವರ್ಷಗಳು ಕಳೆದುಹೋಗುವುದು ಇದರಲ್ಲೇ. ಸಾಮಾನ್ಯ ನೋವು ಹೆರಿಗೆಯ ನಂತರ ಕಡಿಮೆಯಾಗುವುದುಂಟು, ಈ ಕಾಯಿಲೆ ಹಾಗೆ ಬಿಟ್ಟುಹೋಗುತ್ತದೆ ಎಂಬ ಭರವಸೆ ಇಲ್ಲ. ಮೂವತ್ತರ ಆಸುಪಾಸಿಗೆ ಹೊಸದಾಗಿ ಶುರುವಾದ ನೋವಿನ ಹಿಂದೆ ಗರ್ಭಕೋಶದ ಗಡ್ಡೆಯೋ ಸೋಂಕೋ ಇರಬಹುದು. ಕಾಪರ್-ಟಿ ಹಾಕಿಸಿದ ಮೊದಲ ಮೂರರಿಂದ ಆರು ತಿಂಗಳು ನೋವು, ಸ್ರಾವ ಹೆಚ್ಚುವುದು ಮಾತ್ರ ನಿರೀಕ್ಷಿತವೇ.

ತಾಸಿಗೊಂದು ಪ್ಯಾಡು ತೊಯ್ದು ಹೋಗುವುದು, ಎರಡು ಬೆರಳಗಲಕ್ಕಿಂತ ದೊಡ್ಡ ಹೆಪ್ಪು, ಏಳು ದಿನ ಮೀರಿದ ಸ್ರಾವ, ಜ್ವರದ ಜೊತೆ ನಾತ ಬರುವ ಬಿಳಿಸೆರಗು ಇದ್ದರೆ ಆ ವಾರವೇ ತೋರಿಸಿ. ಮುಟ್ಟು ತಪ್ಪಿ, ಆಮೇಲೆ ಒಂದು ಮಗ್ಗುಲಲ್ಲಿ ಥಟ್ಟನೆ ಜೋರು ನೋವು ಬಂದು ಕಣ್ಣು ಕತ್ತಲೆಯಾದರೆ ಕಾಯಬಾರದು. ಬಸಿರು ಗರ್ಭನಾಳದಲ್ಲಿ ಕಟ್ಟಿ ಒಡೆದಿರಬಹುದು, 108ಕ್ಕೆ ಕರೆ ಮಾಡಿ. ವಯಸ್ಸು ಹದಿನೈದಾದರೂ ಮುಟ್ಟೇ ಆಗದೆ ತಿಂಗಳು ತಿಂಗಳು ಹೊಟ್ಟೆನೋವು ಮಾತ್ರ ಬರುವ ಹುಡುಗಿಯನ್ನೂ ಕರೆದೊಯ್ಯಿರಿ, ರಕ್ತ ಹೊರಬರುವ ದಾರಿ ಮುಚ್ಚಿರಬಹುದು. ಸಣ್ಣ ಶಸ್ತ್ರಚಿಕಿತ್ಸೆಯಿಂದ ಸರಿಯಾಗುವಂಥದ್ದು ಅದು.

ಡಾಕ್ಟರ ಹತ್ತಿರ

ಬಳ್ಳಾರಿಯ ಮೆಡಿಕಲ್ ಕಾಲೇಜು ಆಸ್ಪತ್ರೆ, ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್ ಮೂರರಲ್ಲೂ ಸ್ತ್ರೀರೋಗ ವಿಭಾಗವಿದೆ. ಹದಿಹರೆಯದವರಿಗೆಂದೇ ಸರಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್ ನಡೆಯುತ್ತದೆ. ಫೋನಿನಲ್ಲಿ ಸಲಹೆ ಬೇಕಾದರೆ 104. ಕ್ಯಾಲೆಂಡರಿನ ಹಾಳೆಯನ್ನೇ ಹರಿದು ಒಯ್ಯಿರಿ: ತಾರೀಖು, ದಿನಕ್ಕೆ ಎಷ್ಟು ಪ್ಯಾಡು, ನೋವು ಹತ್ತಕ್ಕೆ ಎಷ್ಟು, ಯಾವ ಗುಳಿಗೆ ಎಷ್ಟು ಹೊತ್ತಿಗೆ. ‘ಭಾಳ ನೋವು’ ಎಂಬ ಮಾತಿಗಿಂತ ಈ ಹಾಳೆ ಡಾಕ್ಟರಿಗೆ ಹೆಚ್ಚು ಹೇಳುತ್ತದೆ.

ಮದುವೆಯಾಗದ ಹುಡುಗಿಯನ್ನು ಒಳಪರೀಕ್ಷೆ ಮಾಡುತ್ತಾರೆಂದು ಹೆದರಿ ತಾಯಂದಿರು ಹಿಂಜರಿಯುತ್ತಾರೆ. ಸ್ಕ್ಯಾನನ್ನು ಹೊಟ್ಟೆಯ ಮೇಲಿಂದಲೇ ಮಾಡಬಹುದು, ಹಾಗೇ ಮಾಡಿ ಎಂದು ಮೊದಲೇ ಹೇಳಿ. ಅದಕ್ಕೆ ಮೂತ್ರಕೋಶ ತುಂಬಿರಬೇಕು. ತಾಸು ಮುಂಚೆ ನಾಲ್ಕೈದು ಲೋಟ ನೀರು ಕುಡಿದು ತಡೆದುಕೊಳ್ಳಿ, ಇಲ್ಲವಾದರೆ ಗರ್ಭಕೋಶ ಸರಿಯಾಗಿ ಕಾಣದೆ ಮತ್ತೆ ಕಾಯಿಸುತ್ತಾರೆ. ಸ್ಕ್ಯಾನಿನಲ್ಲಿ ಏನೂ ಇಲ್ಲ ಎಂದು ಬಂದರೂ ಎಂಡೊಮೆಟ್ರಿಯೋಸಿಸ್ ಇಲ್ಲವೆಂದು ಆಗುವುದಿಲ್ಲ. ನೋವು ಮುಂದುವರಿದರೆ ಮತ್ತೆ ಹೋಗಿ.

ಡಾಕ್ಟರು ಹಾರ್ಮೋನ್ ಗುಳಿಗೆ ಬರೆದುಕೊಟ್ಟರೆ ಗಾಬರಿಯಾಗಬೇಡಿ. ಸರಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುವ ಮಾಲಾ-ಎನ್ ಮಕ್ಕಳಾಗದಿರಲಿ ಎಂದು ಕೊಡುವ ಗುಳಿಗೆ ನಿಜ, ಆದರೆ ಅದು ಗರ್ಭಕೋಶದ ಒಳಪದರವನ್ನೇ ತೆಳುವಾಗಿಸುವುದರಿಂದ ನೋವೂ ಸ್ರಾವವೂ ಇಳಿಯುತ್ತವೆ. ಬಿ.ಪಿ. ಇರುವವರು, ಕಣ್ಣಿಗೆ ಮಿಂಚು ಕಾಣಿಸುವ ಅರೆತಲೆನೋವಿನವರು, ಕಾಲಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟಿದವರು, ಆರು ತಿಂಗಳೊಳಗಿನ ಕೂಸಿಗೆ ಹಾಲೂಡಿಸುವವರು ಅದನ್ನು ಮೊದಲೇ ತಿಳಿಸಬೇಕು. ಗವಿಮಠದ ಜಾತ್ರೆಗೋ ಹುಲಿಗೆಮ್ಮನ ದರ್ಶನಕ್ಕೋ ಮುಟ್ಟು ಮುಂದೂಡಲು ಅಂಗಡಿಯಿಂದ ತರುವ ನಾರೆಥಿಸ್ಟೆರಾನ್ ಗುಳಿಗೆಗೂ ಡಾಕ್ಟರ ಒಪ್ಪಿಗೆ ಬೇಕು. ಅದನ್ನು ನಿಲ್ಲಿಸಿದ ಎರಡು ಮೂರು ದಿನಕ್ಕೆ ಮುಟ್ಟಾಗುತ್ತದೆ, ಆಗಿನ ನೋವಿಗೆ ಗುಳಿಗೆ ಮುಂಚೆಯೇ ತೆಗೆದಿಟ್ಟುಕೊಳ್ಳಿ.

ನೋವಿಗೆ, ಸ್ರಾವಕ್ಕೆ ಗರ್ಭಕೋಶವನ್ನೇ ತೆಗೆಸಿಬಿಡಿ ಎಂದು ಯಾರಾದರೂ ಮೊದಲ ಭೇಟಿಯಲ್ಲೇ ಹೇಳಿದರೆ ಅಂದೇ ಒಪ್ಪಬೇಡಿ. ಸ್ಕ್ಯಾನ್ ವರದಿ ತೆಗೆದುಕೊಂಡು ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ಇನ್ನೊಬ್ಬರ ಅಭಿಪ್ರಾಯ ಕೇಳಿ. ಗುಳಿಗೆಯಿಂದ ಹತೋಟಿಗೆ ಬರುತ್ತದೋ, ಗಡ್ಡೆಯಷ್ಟನ್ನೇ ತೆಗೆಯಬಹುದೋ, ಕಾಪರ್-ಟಿಯಂತೆ ಗರ್ಭಕೋಶದೊಳಗೆ ಇಡುವ, ಹಾರ್ಮೋನ್ ಇರುವ ವಂಕಿ ಹಾಕಬಹುದೋ, ಗರ್ಭಕೋಶ ತೆಗೆಯಲೇಬೇಕಾದರೆ ಅಂಡಾಶಯ ಉಳಿಸುತ್ತೀರೋ ಎಂಬ ನಾಲ್ಕು ಪ್ರಶ್ನೆಗೆ ಉತ್ತರ ಪಡೆಯಿರಿ. ಮೂವತ್ತು, ಮೂವತ್ತೈದಕ್ಕೇ ಅಂಡಾಶಯವೂ ಹೋದರೆ ಮುಟ್ಟು ನಿಲ್ಲುವ ಕಾಲದ ಕಾಟಗಳೆಲ್ಲ ಆಗಲೇ ಶುರುವಾಗುತ್ತವೆ, ಎಲುಬು ಬೇಗ ಸವೆಯುತ್ತದೆ.